ಕಾಕಾನ ಸಾಲದ ಪುಸ್ತಕ

2012ರ ಆಗಸ್ಟ್ 15. ಬೆಂಗಳೂರಿನ ನೀಲಸಂದ್ರದ ನಮ್ಮ ಬೀದಿಯಲ್ಲಿ ನಿವಾಸಿಗಳ ಸಂಘದವರು ಬೆಳಿಗ್ಗೆ ಬಾವುಟ ಹಾರಿಸಿ ಬೂಂದಿ ಲಾಡು ಹಂಚಿದ್ದೆವು. ಸಂಜೆ ಟೀವಿ ಹಾಕಿದರೆ ಸಿಟಿ ರೈಲ್ವೆ ಸ್ಟೇಷನ್‌ನಲ್ಲಿ ಕಾಲಿಡಲು ಜಾಗವಿಲ್ಲ. ಈಶಾನ್ಯದ ಹುಡುಗರು, ಹುಡುಗಿಯರು ಸಾವಿರಗಟ್ಟಲೆ ಗುವಾಹಟಿಯ ರೈಲಿಗೆ ಮುಗಿಬಿದ್ದಿದ್ದರು.

ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಕಡೆ ಬೋಡೋಗಳಿಗೂ ಮುಸ್ಲಿಮರಿಗೂ ಗಲಭೆಯಾಗಿ ಹೆಣ ಬಿದ್ದಿದ್ದವು. ರಂಜಾನ್ ಮುಗಿಯಲಿ, ಬೆಂಗಳೂರಿನಲ್ಲಿ ಈಶಾನ್ಯದವರ ಮೇಲೆ ಸೇಡು ತೀರಿಸಿಕೊಳ್ಳುತ್ತಾರಂತೆ ಎಂದು ಎಸ್ಸೆಮ್ಮೆಸ್ಸು ಹರಿದಾಡಿತ್ತು. ಯಾರು ಕಳಿಸಿದ್ದೋ! ಗೃಹ ಮಂತ್ರಿ ಆರ್. ಅಶೋಕ ಸ್ಟೇಷನ್‌ಗೇ ಹೋಗಿ, ಊರು ಬಿಡಬೇಡಿ ಎಂದು ಕೇಳಿಕೊಂಡರು. ಧೈರ್ಯ ಹೇಳಲು ನಿಂತವರಲ್ಲಿ ಆರೆಸ್ಸೆಸ್‌ನವರೂ ಇದ್ದರು, ಮುಸ್ಲಿಂ ಸಂಘಟನೆಗಳವರೂ ಇದ್ದರು. ಆದರೆ ಟಿಕೆಟ್ ಕೈಗೆ ಬಂದವನಿಗೆ ಧೈರ್ಯ ಹೇಳಿ ಏನು ಬಂತು? ಹೇಳಬೇಕಾದ್ದು ಅವನು ಮನೆ ಬಿಡುವ ಮೊದಲು.

ಹಾಗಂದುಕೊಂಡು ಮಾರನೇ ದಿನ ನಾವು ನಾಲ್ವರು ಸಂಘದ ರಿಜಿಸ್ಟರ್ ಹಿಡಿದು ಹೊರಟೆವು. ಅದರಲ್ಲಿ ಸೈಟ್ ನಂಬರು, ಮಾಲೀಕರ ಹೆಸರು, ಯಾರು ವಂತಿಗೆ ಕೊಟ್ಟಿಲ್ಲ ಎಲ್ಲ ಇತ್ತು. ಮಹಡಿ ಮೇಲಿನ ಶೀಟಿನ ಮನೆಗಳಲ್ಲಿ ಬಾಡಿಗೆಗಿದ್ದ ಈಶಾನ್ಯದವರ ಒಂದು ಹೆಸರೂ ಇರಲಿಲ್ಲ. ಬಾಗಿಲಾಚೆ ಆರು ಜೊತೆ ಚಪ್ಪಲಿ, ಒಳಗೆ ದೀಪ ಆರಿಸಿ ಉಸಿರು ಬಿಗಿಹಿಡಿದು ಕೂತ ಜನ. ತಟ್ಟಿದೆವು. ‘ನಾವು ಸಂಘದವರು’ ಎಂದೆವು. ಆ ಗಳಿಗೆಯಲ್ಲಿ ಅದಕ್ಕಿಂತ ಕೆಟ್ಟ ಮಾತು ಇನ್ನೊಂದಿರಲಿಲ್ಲವೇನೋ.

ಕೆಳಗೆ ಬಂದಾಗ ಮೂಲೆಯ ಅಂಗಡಿಯ ಕಾಕಾ ಕೇಳಿದ, ‘ಏನು ಸಾರ್, ತೆಗೀಲಿಲ್ವಾ? ಇರಿ, ನನ್ನ ಹತ್ರ ಎಲ್ಲರ ಹೆಸರೂ ಇದೆ.’ ಶಟರ್ ಅರ್ಧಕ್ಕೆ ಎಳೆದು, ಎಣ್ಣೆ ಕಲೆಯ ಸಾಲದ ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದ. ಹಾಲು, ಮೊಟ್ಟೆ, ಮ್ಯಾಗಿ, ಕರೆನ್ಸಿ. ಹನ್ನೊಂದು ಜನರ ಬಾಕಿ. ಬಾಗಿಲೆದುರು ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿದ. ಆಮೇಲೆ ತನ್ನ ಮಲಯಾಳಿ ಹಿಂದಿಯಲ್ಲಿ, ‘ಮುನ್ನೂರ ನಲವತ್ತು ರೂಪಾಯಿ ಬಾಕಿ ಇಟ್ಟು ಎಲ್ಲಿಗಯ್ಯಾ ಓಡ್ತೀಯ?’ ಎಂದು ಗದರಿದ.

ಒಳಗೆ ಯಾರೋ ಕಿಸಕ್ಕನೆ ನಕ್ಕರು. ಚಿಲಕ ಸರಿಯಿತು.

ಮಾತು ಮುಗಿಯುವಷ್ಟರಲ್ಲಿ ಮಸೀದಿಯಿಂದ ಬಾಂಗ್ ಕೇಳಿಸಿತು. ಕಾಕಾ ಬೆಳಗಿನಿಂದ ಉಪವಾಸ. ಜೇಬಿನಿಂದ ಖರ್ಜೂರ ತೆಗೆದು ಅದೇ ಮೆಟ್ಟಿಲ ಮೇಲೆ ಕೂತ. ಒಬ್ಬ ಹುಡುಗ ಸ್ಟೀಲ್ ಲೋಟದಲ್ಲಿ ನೀರು ತಂದುಕೊಟ್ಟ. ಹನ್ನೊಂದರಲ್ಲಿ ನಾಲ್ವರು ಹಿಂದಿನ ರಾತ್ರಿಯೇ ರೈಲು ಹತ್ತಿದ್ದರು. ಏಳು ಜನ ಉಳಿದರು.

17ರಂದು ಕೇಂದ್ರ ಸರ್ಕಾರ ಒಟ್ಟಿಗೆ ಐದಕ್ಕಿಂತ ಹೆಚ್ಚು ಜನಕ್ಕೆ ಎಸ್ಸೆಮ್ಮೆಸ್ ಕಳಿಸುವಂತಿಲ್ಲವೆಂದು 15 ದಿನ ನಿರ್ಬಂಧ ಹಾಕಿತು.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ, ರಿಜಿಸ್ಟರಿಗೆ ಬಾಡಿಗೆದಾರರ ಹೆಸರನ್ನೂ ಸೇರಿಸೋಣ ಎಂದೆ. ‘ಸೇರಿಸಿದ್ರೆ ಓಟೂ ಕೇಳ್ತಾರೆ ಸಾರ್’ ಅಂದರು ಖಜಾಂಚಿ. ಎಲ್ಲರೂ ನಕ್ಕರು. ಚರಂಡಿಯ ವಿಷಯ ಎತ್ತಿಕೊಂಡೆವು.