ಮೊದಲ ಲೇಖನದ ಪಾಠ



ಧಾರವಾಡದಲ್ಲಿ ಎಂ.ಎ. ವ್ಯಾಸಂಗ ಮಾಡುತ್ತಿದ್ದಾಗ ನಮ್ಮ ಮೊದಲ ಲೇಖನವು ಮಾಸಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಸಂಚಿಕೆ ಕೈಸೇರಿದೊಡನೆ ನಾವು ಹುಡುಕಿದ್ದು ನಮ್ಮ ಹೆಸರನ್ನೇ. ಹಿಗ್ಗಿನಿಂದ ಅದನ್ನು ಹಿರಿಯ ಪೂಜ್ಯರ ಸನ್ನಿಧಿಗೆ ಒಪ್ಪಿಸಿದೆವು.

ಅವರು ಸಾವಧಾನವಾಗಿ ಓದಿ, "ದೇವರು, ಅಕ್ಕನದೆಂದು ಬರೆದಿರುವ ಈ ವಚನದ ಅಂಕಿತ ಯಾವುದು?" ಎಂದು ಕೇಳಿದರು. ನಾವು ನೆನಪನ್ನೇ ನಂಬಿ, ಕೊನೆಯ ಸಾಲನ್ನು ಬಿಟ್ಟು ಬರೆದಿದ್ದೆವು. ಗ್ರಂಥ ತೆರೆದು ನೋಡಿದರೆ 'ಕಪಿಲಸಿದ್ಧಮಲ್ಲಿಕಾರ್ಜುನ'! ಅದು ಸೊನ್ನಲಿಗೆಯ ಸಿದ್ಧರಾಮೇಶ್ವರರ ಅಂಕಿತ, ಅಕ್ಕಮಹಾದೇವಿಯವರದು 'ಚೆನ್ನಮಲ್ಲಿಕಾರ್ಜುನ'. ಫ.ಗು. ಹಳಕಟ್ಟಿಯವರು ತಾಡೋಲೆಗಳನ್ನು ಶ್ರಮಪಟ್ಟು ಸಂಗ್ರಹಿಸಿ, ಶೋಧಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ನಮಗೋ, ಅಚ್ಚಾದ ಗ್ರಂಥವನ್ನು ಕಪಾಟಿನಿಂದ ತೆಗೆದು ನೋಡುವಷ್ಟು ವ್ಯವಧಾನವೂ ಇರಲಿಲ್ಲ.

"ಯಾರು ಗಮನಿಸಿಯಾರು?" ಎಂದಿತು ಮನಸ್ಸು. ಪೂಜ್ಯರು ಅದನ್ನರಿತವರಂತೆ, "ಓದಿದವರು ಹಾಗೆಯೇ ನಂಬುವರು. ತಿದ್ದುವ ಹೊಣೆ ಬರೆದವರದು" ಎಂದರು. ಮುಂದಿನ ಸಂಚಿಕೆಯಲ್ಲಿ ನಮ್ಮ ತಪ್ಪೊಪ್ಪಿಗೆ ಎರಡು ಸಾಲುಗಳಲ್ಲಿ ಪ್ರಕಟವಾಯಿತು. ಲೇಖನಕ್ಕಿಂತ ಆ ಎರಡು ಸಾಲು ಬರೆಯುವುದೇ ಕಷ್ಟವಾಗಿತ್ತು.

ಅಕ್ಕನೂ ಸಿದ್ಧರಾಮರೂ ವಚನದ ಕೊನೆಗೆ ತಮ್ಮ ಹೆಸರನ್ನಿಡದೆ ದೇವನ ಹೆಸರನ್ನಿಟ್ಟರು. ಅವರ ಮಾತನ್ನು ಬಳಸಿಕೊಂಡ ನಾವು ಆ ಹೆಸರನ್ನೇ ಮರೆತು ನಮ್ಮ ಹೆಸರನ್ನು ಹುಡುಕಿದೆವು. ಲೇಖನಿ ಹಿಡಿಯಲಿರುವ ನಮ್ಮ ಮಠದ ಮಕ್ಕಳೇ, ಬರೆಯಲು ಅಂಜಬೇಡಿರಿ; ಆದರೆ ಅಚ್ಚಿಗೆ ಕಳುಹುವ ಮುನ್ನ ಒಮ್ಮೆ ಗ್ರಂಥ ತೆರೆದು ನೋಡಿರಿ.