ಗಿಲಾವಿನ ಲೆಕ್ಕ

ಸರಕಾರಿ ಶಾಲೆಯದೋ ಆಸ್ಪತ್ರೆಯದೋ ಹೊಸ ಕಟ್ಟಡ ಏಳುತ್ತಿರುವ ಕಡೆ ರಸ್ತೆಗೆ ಮುಖ ಮಾಡಿ ಒಂದು ಫಲಕ ನಿಲ್ಲಿಸಿರುತ್ತಾರೆ. ಕಾಮಗಾರಿಯ ಹೆಸರು, ಮಂಜೂರಾದ ಮೊತ್ತ, ಮುಗಿಯಬೇಕಾದ ತಾರೀಖು, ಗುತ್ತಿಗೆದಾರರ ಹೆಸರು ಎಲ್ಲ ಅದರಲ್ಲಿರುತ್ತವೆ. ಇಪ್ಪತ್ತೇಳು ವರ್ಷಗಳಿಂದ ಪುಣೆ ಮತ್ತು ಸುತ್ತಲಿನ ಊರುಗಳಲ್ಲಿ ಇಂಥ ಕಟ್ಟಡಗಳಿಗೆ ಗಿಲಾವು ಮಾಡಿಸುತ್ತಿದ್ದೇನೆ. ನನ್ನ ಹೆಸರು ಒಂದು ಫಲಕದ ಮೇಲೂ ಬಂದಿಲ್ಲ. ಬರುವಂತೆಯೂ ಇಲ್ಲ, ಏಕೆಂದರೆ ನಾನು ಉಪಗುತ್ತಿಗೆದಾರ. ಕೇಂದ್ರ ಲೋಕೋಪಯೋಗಿ ಇಲಾಖೆಯ ಕರಾರಿನ 21ನೆಯ ಕಲಮು, ಇಂಜಿನಿಯರರ ಲಿಖಿತ ಒಪ್ಪಿಗೆಯಿಲ್ಲದೆ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಕೂಡದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಆದರೂ ಸೆಂಟ್ರಿಂಗ್ ಒಬ್ಬರದು, ಸಳಿ ಕಟ್ಟುವುದು ಇನ್ನೊಬ್ಬರದು, ಗಿಲಾವು ಮತ್ತೊಬ್ಬರದು ಎಂಬುದು ಸೈಟಿನ ಕಾವಲುಗಾರನಿಗೂ ಗೊತ್ತು.

ತರುಣ ಮಿತ್ರರೆ, ನಿಮ್ಮಲ್ಲಿ ಹಲವರು ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದೀರಿ. ಟೆಂಡರಿನ ಬಗೆಗೆ ನಿಮಗೆ ಪುಸ್ತಕದಲ್ಲಿ ಒಂದು ಪಾಠ ಇರಬಹುದು. ಆ ಪಾಠದ ಕೆಳಗಿನ ಅಂತಸ್ತಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ನನಗೆ ತಿಳಿದಂತೆ ಹೇಳುತ್ತೇನೆ.

ನಮ್ಮ ತಂದೆ ಗೌಂಡಿ. 1972ರ ಬರಗಾಲದಲ್ಲಿ ಇಂಡಿ ತಾಲೂಕಿನಿಂದ ಕರಣಿಯೊಂದನ್ನು ಚೀಲದಲ್ಲಿಟ್ಟುಕೊಂಡು ಇಲ್ಲಿಗೆ ಬಂದವರು. ಅವರಿಗೆ ಲೆಕ್ಕ ಬರೆಯಲು ಬರುತ್ತಿರಲಿಲ್ಲ, ಹಾಕಲು ಚೆನ್ನಾಗಿ ಬರುತ್ತಿತ್ತು. ಗೋಡೆಯನ್ನು ಹೆಜ್ಜೆಯಿಂದ ಅಳೆದು ಇಷ್ಟು ಬ್ರಾಸ್ ಎಂದರೆ ಟೇಪು ಹಿಡಿದಾಗ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ನಮ್ಮ ನಾಡಿನಲ್ಲಿ ಮನೆಯನ್ನು ಚದರದಲ್ಲಿ ಎಣಿಸುವ ಹಾಗೆ ಇಲ್ಲಿ ಗಿಲಾವನ್ನು ಬ್ರಾಸಿನಲ್ಲಿ ಎಣಿಸುತ್ತಾರೆ. ಎರಡೂ ನೂರು ಚದರಡಿಯೇ. ಉಸುಕಿಗೂ ಬ್ರಾಸ್ ಎನ್ನುತ್ತಾರೆ, ಅದು ಮಾತ್ರ ನೂರು ಘನ ಅಡಿ. ಹೊಸಬರು ಇಲ್ಲಿಯೇ ಮೊದಲು ತಬ್ಬಿಬ್ಬಾಗುತ್ತಾರೆ.

ಈಗ ಟೆಂಡರಿಗೆ ಬರೋಣ. ಮಹಾರಾಷ್ಟ್ರದ ಲೋಕೋಪಯೋಗಿ ಇಲಾಖೆಯಲ್ಲಿ ಬಿ-1 ಎಂಬ ನಮೂನೆಯಿದೆ. ಅದರಲ್ಲಿ ಪ್ರತಿ ಐಟಮಿಗೂ ಇಲಾಖೆಯೇ ದರ ಹಾಕಿರುತ್ತದೆ, ಗುತ್ತಿಗೆದಾರರು ಒಟ್ಟು ಮೊತ್ತಕ್ಕೆ ಇಷ್ಟು ಪ್ರತಿಶತ ಮೇಲೆ ಅಥವಾ ಕೆಳಗೆ ಎಂದು ಬರೆಯಬೇಕು. ಬಿ-2ರಲ್ಲಿ ಪ್ರತಿ ಐಟಮಿಗೂ ತಾವೇ ದರ ತುಂಬಬೇಕು. ಮೊದಲೆಲ್ಲ ಲಕೋಟೆಗೆ ಅರಗಿನ ಮುದ್ರೆ ಒತ್ತಿ, ಡಿಮಾಂಡ್ ಡ್ರಾಫ್ಟ್ ಜೊತೆಗಿಟ್ಟು, ಕಚೇರಿಯ ಪೆಟ್ಟಿಗೆಗೆ ಹಾಕುವುದಿತ್ತು. ಆ ಪೆಟ್ಟಿಗೆಯ ಸುತ್ತ ನಿಂತಿರುತ್ತಿದ್ದ ದಪ್ಪ ಮೀಸೆಯವರನ್ನು ದಾಟಿ ಹೋಗಲು ಎಂಟೆದೆ ಬೇಕಾಗಿತ್ತು. ಈಗ ಎಲ್ಲವೂ ಕಂಪ್ಯೂಟರಿನಲ್ಲಿ. ಮೀಸೆಯವರು ಕಾಣುವುದಿಲ್ಲ, ಪೂರಾ ಇಲ್ಲವಾದರೆಂದು ಹೇಳುವಷ್ಟು ಮುಗ್ಧ ನಾನಲ್ಲ.

ಗುತ್ತಿಗೆದಾರರು ದರ ತುಂಬುವ ಹಿಂದಿನ ದಿನ ಸಂಜೆ ನಮಗೆ ಫೋನು ಮಾಡುತ್ತಾರೆ. "ಒಳಗಿನ ಗಿಲಾವು ಇಷ್ಟಿದೆ, ಛತ್ತಿನದು ಇಷ್ಟಿದೆ, ರಾತ್ರಿಯೊಳಗೆ ರೇಟು ಹೇಳಿ." ಆಗ ಗೋಡೆಯೇ ಇರುವುದಿಲ್ಲ, ನಕ್ಷೆ ಮಾತ್ರ. ಇಟ್ಟಿಗೆ ಕಟ್ಟುವವರ ಕೈ ಹೇಗಿದೆಯೋ ಯಾರಿಗೆ ಗೊತ್ತು? ಕಾಗದದ ಮೇಲೆ 12 ಮಿಲಿಮೀಟರ್ ಎಂದಿದ್ದ ಗಿಲಾವು, ಗೋಡೆ ಡೊಂಕಾಗಿದ್ದರೆ 18 ಆಗುತ್ತದೆ. ಅಂದರೆ ಸಿಮೆಂಟು, ಉಸುಕು ಒಂದೂವರೆ ಪಟ್ಟು. ಸಾಮಾನು ಸಮೇತ ದರ ಹೇಳಿದವನು ಅಲ್ಲಿಯೇ ಮುಳುಗಿದ. ಅದಕ್ಕೆ ನಾನು ಸರಕಾರಿ ಕೆಲಸಕ್ಕೆ ಕೂಲಿ ದರ ಮಾತ್ರ ಕೊಡುತ್ತೇನೆ. ಪರಾಂಚಿ ಯಾರದು, ನೀರು ಹೊಡೆಯುವವರು ಯಾರು, ಸಿಮೆಂಟು ಯಾವ ಅಂತಸ್ತಿನವರೆಗೆ ತಂದು ಕೊಡುತ್ತೀರಿ ಎಂಬುದನ್ನೆಲ್ಲ ಬರೆದೇ ಕಳಿಸುತ್ತೇನೆ. 2022ರ ಜುಲೈ 18ರಿಂದ ಅನೇಕ ಸರಕಾರಿ ಕಾಮಗಾರಿಗಳ ಜಿ.ಎಸ್.ಟಿ. 12ರಿಂದ 18 ಪ್ರತಿಶತಕ್ಕೆ ಏರಿದಾಗ, "ತೆರಿಗೆ ಪ್ರತ್ಯೇಕ" ಎಂಬ ಎರಡು ಶಬ್ದ ಬರೆಯದೆ ಇದ್ದವರು ಆ ಆರು ರೂಪಾಯಿಗಾಗಿ ಜಗಳಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಳತೆಯ ವಿಷಯದಲ್ಲಿ ನನಗೆ ಬುದ್ಧಿ ಕಲಿಸಿದವಳು ನನ್ನ ಅಣ್ಣನ ಮಗಳು. ಇಲ್ಲಿಯೇ ಹುಟ್ಟಿ, ಇಲ್ಲಿಯೇ ಸಿವಿಲ್ ಓದಿದವಳು. ಕನ್ನಡ ಮಾತಾಡುತ್ತಾಳೆ, ಓದುವುದು ಸ್ವಲ್ಪ ನಿಧಾನ. ಕಟ್ಟಡದ ಕೆಲಸಗಳನ್ನು ಹೇಗೆ ಅಳೆಯಬೇಕೆಂದು ಹೇಳುವ ಐ.ಎಸ್. 1200 ಎಂಬ ಭಾರತೀಯ ಮಾನಕವಿದೆ. ಗಿಲಾವಿನಲ್ಲಿ ಅರ್ಧ ಚದರ ಮೀಟರಿಗಿಂತ ದೊಡ್ಡದಲ್ಲದ ಕಂಡಿಗೆ ಅಳತೆಯಲ್ಲಿ ಏನೂ ಕಳೆಯಬಾರದು. ಅರ್ಧದಿಂದ ಮೂರು ಚದರ ಮೀಟರಿನವರೆಗೆ ಗೋಡೆಯ ಒಂದು ಮೈಯಲ್ಲಿ ಮಾತ್ರ ಕಳೆಯಬೇಕು. ಇನ್ನೊಂದು ಮೈಯದನ್ನು ಕಿಟಕಿಯ ಅಂಚು ಮಾಡಿದ್ದಕ್ಕಾಗಿ ಬಿಟ್ಟುಕೊಡಬೇಕು. ಮೂರಕ್ಕಿಂತ ದೊಡ್ಡದಾದರೆ ಎರಡೂ ಮೈ ಕಳೆದು, ಅಂಚನ್ನು ಬೇರೆ ಅಳೆದು ಸೇರಿಸಬೇಕು. ಇಲಾಖೆ ಗುತ್ತಿಗೆದಾರರಿಗೆ ಹಣ ಕೊಡುವುದು ಹೀಗೆ. ಆದರೆ ಗುತ್ತಿಗೆದಾರರು ನಮಗೆ ಕೊಡುವಾಗ ಎರಡೂ ಮೈ ಕಳೆದು ಕೊಡುತ್ತಿದ್ದರು. ನಮ್ಮ ತಂದೆಯ ಕಾಲದಿಂದಲೂ ಅದೇ ಪದ್ಧತಿ, ಯಾರೂ ಕೇಳಿರಲಿಲ್ಲ. ಈ ಹುಡುಗಿ ಒಂದು ಶಾಲೆಯ ನಕ್ಷೆ ಹರಡಿಕೊಂಡು ಎಣಿಸಿದಳು: 1.2 ಮೀಟರ್ ಅಗಲ, 1.2 ಮೀಟರ್ ಎತ್ತರದ ಕಿಟಕಿ 60. ಒಂದಕ್ಕೆ 1.44 ಚದರ ಮೀಟರ್, ಒಟ್ಟು 86.4. ಅಂದರೆ ಒಂಬತ್ತು ಬ್ರಾಸಿಗೂ ಮೇಲೆ. ಒಬ್ಬ ಗೌಂಡಿ, ಒಬ್ಬ ಸಹಾಯಕ ಕೂಡಿದ ಒಂದು ಜೋಡಿ ಒಳ್ಳೆಯ ಕೆಲಸವನ್ನು ದಿನಕ್ಕೆ ಸುಮಾರು ಒಂದು ಬ್ರಾಸ್ ಮಾಡುತ್ತದೆ. ಅಲ್ಲಿಗೆ ಒಂಬತ್ತು ದಿನದ ಇಬ್ಬರ ದುಡಿಮೆ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು. ಕಿಟಕಿಯ ಅಂಚು ಅಳತೆಗೆ ಚಿಕ್ಕದು, ಆದರೆ ಕೈ ಹಿಡಿಯುವ ಕೆಲಸ. ಗುಂಡು ಬಿಟ್ಟು, ಪಟ್ಟಿ ಕಟ್ಟಿ, ನಾಲ್ಕು ಮೂಲೆ ಸರಿ ಮಾಡುವಷ್ಟರಲ್ಲಿ ಅರ್ಧ ಗೋಡೆ ಮುಗಿದಿರುತ್ತದೆ. ಅಂದಿನಿಂದ ನಮ್ಮ ಕೊಟೇಶನ್ನಿನ ಮೊದಲ ಸಾಲೇ "ಅಳತೆ ಐ.ಎಸ್. 1200ರ ಪ್ರಕಾರ" ಎಂದು. ಕೆಲವರು ಓದಿ ನಕ್ಕರು, ಇಬ್ಬರು ಕೆಲಸ ಕೊಡುವುದನ್ನೇ ನಿಲ್ಲಿಸಿದರು, ಉಳಿದವರು ಒಪ್ಪಿಕೊಂಡರು.

ಇನ್ನು "ಕೆಳಗೆ" ಎಂಬ ಮಾತು. ಕೇಂದ್ರ ಲೋಕೋಪಯೋಗಿ ಇಲಾಖೆಯ ದರ ವಿಶ್ಲೇಷಣೆಯಲ್ಲಿ ಸಾಮಾನು, ಕೂಲಿ ಎಲ್ಲ ಸೇರಿಸಿ ಅದರ ಮೇಲೆ ಗುತ್ತಿಗೆದಾರರ ಲಾಭ ಮತ್ತು ಮೇಲ್ಖರ್ಚಿಗೆಂದು ಶೇಕಡಾ 15 ಕೂಡಿಸುತ್ತಾರೆ. ಸಣ್ಣಪುಟ್ಟವನ್ನು ಬಿಟ್ಟು ನೋಡಿದರೆ ನೂರು ರೂಪಾಯಿ ದರದಲ್ಲಿ ನಿಜವಾದ ಖರ್ಚು ಸುಮಾರು 87. ಒಬ್ಬರು 22 ಪ್ರತಿಶತ ಕೆಳಗೆ ಹೋಗಿ ಟೆಂಡರು ಹಿಡಿದರೆ ಕೈಗೆ ಬರುವುದು 78. ಕೆಲವು ಐಟಮುಗಳಲ್ಲಿ ಇಲಾಖೆಯ ದರ ಪೇಟೆಗಿಂತ ಹೆಚ್ಚಿರುತ್ತದೆ, ಅದು ನಿಜ; ಜಾಣರು ಅಲ್ಲಿ ತುಂಬಿಕೊಳ್ಳುತ್ತಾರೆ. ಇಲ್ಲದಿದ್ದರೆ ಆ ಒಂಬತ್ತು ರೂಪಾಯಿ, ಮೇಲೆ ಅವರ ಲಾಭ, ಎಲ್ಲಿಂದ ಬರಬೇಕು? ಸಿಮೆಂಟಿನ ಕಂಪನಿಯವರು ಬಿಡುವುದಿಲ್ಲ, ಸಳಿಯವರು ಬಿಡುವುದಿಲ್ಲ. ಆಗ ಅವರು ನಮ್ಮ ಕಡೆ ತಿರುಗುತ್ತಾರೆ.

2019ರಲ್ಲಿ ಒಂದು ಸರಕಾರಿ ಆಸ್ಪತ್ರೆಯ ಕೆಲಸ ಹೀಗೆಯೇ ಬಂತು. ಸುಮಾರು 900 ಬ್ರಾಸ್, ನಮ್ಮ ಹದಿನಾಲ್ಕು ಜೋಡಿಗೆ ಎರಡು ತಿಂಗಳಿಗೂ ಮೀರಿದ ಕೆಲಸ. ಬ್ರಾಸಿಗೆ ಜೋಡಿಯ ಪಗಾರ ಆಗ 1150 ರೂಪಾಯಿ. ಪರಾಂಚಿ, ಹತ್ಯಾರಕ್ಕೆ 100, ಮುಕಾದಮರ ಕಮಿಷನ್ 60, ನೀರು ಹೊಡೆಯಲು ಮತ್ತು ಕಸ ತೆಗೆಯಲು 50, ಆಳುಗಳ ಖೋಲಿ, ದೀಪಕ್ಕೆ 60. ಒಟ್ಟು 1420. ಇದರ ಮೇಲೆ ಬಡ್ಡಿ. ಬಡ್ಡಿ ಏಕೆಂದರೆ ಆಳುಗಳಿಗೆ ವಾರವಾರ ಖರ್ಚಿ ಕೊಡಲೇಬೇಕು. ಆದರೆ ಕಿರಿಯ ಇಂಜಿನಿಯರರು ಮಾಪನ ಪುಸ್ತಕದಲ್ಲಿ ಬರೆದು, ಬಿಲ್ಲು ಮೇಲಕ್ಕೆ ಹೋಗಿ, ಹಣ ಗುತ್ತಿಗೆದಾರರಿಗೆ ಬಂದು, ಅವರಿಂದ ನಮಗೆ ಇಳಿಯಲು ನಾಲ್ಕು ತಿಂಗಳು ಹಿಡಿದರೂ ಆಶ್ಚರ್ಯವಿಲ್ಲ. ಹತ್ತು ಲಕ್ಷದ ಕೆಲಸದಲ್ಲಿ ನಾಲ್ಕು ಲಕ್ಷ ನಾಲ್ಕು ತಿಂಗಳು ಸಿಕ್ಕಿಕೊಂಡರೆ, ತಿಂಗಳಿಗೆ ನೂರಕ್ಕೆ ಎರಡರಂತೆ 32,000 ರೂಪಾಯಿ. ಬ್ರಾಸಿಗೆ 45 ಎಂದು ಹಿಡಿದೆವು. ಹತ್ತು ಪ್ರತಿಶತ ನಮ್ಮ ಲಾಭ ಸೇರಿಸಿ, ಹತ್ತು ಹನ್ನೊಂದು ರೂಪಾಯಿ ಬಿಟ್ಟು 1600 ಎಂದು ಹೇಳಿದೆ.

ಟೆಂಡರು ಅವರಿಗೇ ಸಿಕ್ಕಿತು. ಹದಿನೈದು ದಿನ ಬಿಟ್ಟು ಕರೆಸಿ, ಚಹಾ ಕುಡಿಸಿ, "1350ಕ್ಕೆ ಮಾಡುವವರು ಹೊರಗೆ ಕೂತಿದ್ದಾರೆ, ನೋಡಿ" ಎಂದರು. ನನ್ನ ದರವನ್ನು ತೋರಿಸಿಯೇ ಅವರನ್ನು ಇಳಿಸಿದ್ದರು. ಖರ್ಚಿಗಿಂತಲೇ ಬ್ರಾಸಿಗೆ 70 ಕಡಿಮೆ; 900 ಬ್ರಾಸಿಗೆ 63,000 ಕೈಯಿಂದ ಹಾಕಬೇಕು. ಅದು ಆಳಿನ ಪಗಾರದಿಂದಲೇ ಮುರಿಯಬೇಕಾದ ಹಣ, ಬೇರೆ ದಾರಿ ಇಲ್ಲ. ಕೈ ಮುಗಿದು ಎದ್ದು ಬಂದೆ.

ಎದ್ದು ಬರುವುದು ಸುಲಭ, ಮುಕಾದಮರಿಗೆ ಹೇಳುವುದು ಕಷ್ಟ. ಅವರು ನಮ್ಮ ತಂದೆಯ ಜೊತೆ ಕರಣಿ ಹಿಡಿದವರು, ನನಗೆ ಕಾಕಾ. ಸಿಂದಗಿ, ಅಫಜಲಪುರದ ಕಡೆಯಿಂದ ಹದಿನಾಲ್ಕು ಜೋಡಿಯನ್ನು ಉಚಲ ಕೊಟ್ಟು ಕರೆತಂದಿದ್ದರು. ನನ್ನ ಹಾಳೆಯನ್ನೆಲ್ಲ ಓದಿ ಹೇಳಿದೆ. ಕೇಳಿ ಅವರು ಅಂದದ್ದು ಇಷ್ಟೇ: "ತಮ್ಮಾ, ನಿನ್ನ ಲೆಕ್ಕ ಖರೆ ಇರಬಹುದು. ಆದ್ರ ನಾಳೆ ಜ್ವಾಳ ತರೂದು ಯಾವ ಲೆಕ್ಕದಾಗ?"

"ಹದಿನೈದು ದಿನ ತಡಕೋರಿ ಕಾಕಾ, ಬ್ಯಾರೆ ಕೆಲಸ ಹಚ್ಚತೀನಿ" ಎಂದೆ. ಎರಡು ಬಂಗಲೆ, ಒಂದು ಗೋದಾಮು ಎಂದು ಚೂರುಪಾರು ಹೊಂದಿಸಿ ಒಂಬತ್ತು ಜೋಡಿಯನ್ನು ಹಿಡಿದಿಟ್ಟುಕೊಂಡೆ. ಐದು ಜೋಡಿ ಆಸ್ಪತ್ರೆಗೇ ಹೋದವು. ಅವರನ್ನು ನಾನು ಬೈಯಲಾರೆ. ಮೂರು ತಿಂಗಳಾಗುವಷ್ಟರಲ್ಲಿ ಅಲ್ಲಿಯ ಉಪಗುತ್ತಿಗೆದಾರರು ಅರ್ಧಕ್ಕೇ ಬಿಟ್ಟು ಹೋದರು. ಆಳುಗಳಿಗೆ ವಾರದ ಖರ್ಚಿ ಸಿಕ್ಕಿತ್ತು, ಹಿಂದಿನ ಬಾಕಿ ಸಿಗಲಿಲ್ಲ. ಉಳಿದ 300 ಬ್ರಾಸ್ ಮುಗಿಸಿಕೊಡಿ ಎಂದು ನನಗೇ ಫೋನು ಬಂತು. ಆ ಐದು ಜೋಡಿಯ ಬಾಕಿ ಕೈಗೆ ಬಿದ್ದ ಮೇಲೆ ನಮ್ಮ ಪರಾಂಚಿ ಏಳುತ್ತದೆ, ದರ 1600 ಎಂದೆ. ದರ ಒಪ್ಪಿದರು, ಬಾಕಿಯಲ್ಲಿ ಅರ್ಧ ಕೊಟ್ಟು, ಉಳಿದದ್ದು ಬಿಲ್ಲಾದ ಮೇಲೆ ಎಂದರು. ಕಾಕಾ ಹೂಂ ಎಂದ ಮೇಲೆ ಕೆಲಸ ಹಿಡಿದೆ. ಉಳಿದರ್ಧ ಇಂದಿಗೂ ಬಂದಿಲ್ಲ.

ಕಾನೂನು ಇಲ್ಲವೇ ಎಂದು ನೀವು ಕೇಳುತ್ತೀರಿ. ಇದೆ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು 2006ರ ಕಾಯಿದೆ ಹೇಳುತ್ತದೆ. ಕಟ್ಟಡದ ಕಂತ್ರಾಟಿಗೆ ಅದು ಅನ್ವಯಿಸುತ್ತದೆಯೇ ಎಂಬ ವಾದ ಕೋರ್ಟುಗಳಲ್ಲಿ ಮತ್ತೆ ಮತ್ತೆ ಎದ್ದಿದೆ. ಅದಿರಲಿ, ನಾಳೆ ಕೆಲಸ ಕೊಡಬೇಕಾದವರ ಮೇಲೆ ಇಂದು ಅರ್ಜಿ ಹಾಕುವ ಎದೆ ನಮ್ಮ ಧಂದೆಯಲ್ಲಿ ಎಷ್ಟು ಜನಕ್ಕಿದೆ?

ಅಣ್ಣನ ಮಗಳು ಈಗ ಕೊಟೇಶನ್ನನ್ನು ಎರಡು ಭಾಗ ಮಾಡಿದ್ದಾಳೆ. ಟೆಂಡರಿನ ಮೊದಲು ಒಟ್ಟು ಮೊತ್ತ ಮಾತ್ರ. ಐಟಮುವಾರು ದರ, ಕೆಲಸ ನಮಗೇ ಎಂದು ಬರೆದು ಕೊಟ್ಟ ಮೇಲೆ. ಒಟ್ಟು ಮೊತ್ತವನ್ನೂ ತೋರಿಸಿ ಬೇರೆಯವರನ್ನು ಇಳಿಸಬಹುದು, ಆದರೆ ಸ್ವಲ್ಪ ಕಷ್ಟವಾಗುತ್ತದೆ. ಕಾಕಾ ಊರಿಗೆ ಹೋಗಿ ಕೂತಿದ್ದಾರೆ, ಅವರ ಅಳಿಯ ಈಗ ಮುಕಾದಮ. ಆಳುಗಳ ಜೊತೆ ದರ ಮಾತಾಡುವುದು ಇವಳೇ, ಅವರ ಕನ್ನಡದಲ್ಲಿಯೇ. ಮರಾಠಿಯಲ್ಲಿ ಮಾತಾಡಿದರೆ ಅವರು "ಹೋ ಹೋ" ಎಂದು ತಲೆ ಹಾಕಿ ಹೋಗಿಬಿಡುತ್ತಾರೆ. ಕನ್ನಡದಲ್ಲಿ ಮಾತಾಡಿದರೆ "ಅಕ್ಕಾರ, ಛತ್ತಿನ ಗಿಲಾವು ಆ ರೇಟಿನ್ಯಾಗ ಆಗೂದಿಲ್ರಿ" ಎಂದು ಎದುರಾಡುತ್ತಾರೆ. ಆ ಎದುರುಮಾತೇ ನಮಗೆ ಬೇಕಾದ ಅಂದಾಜು.

ಸದ್ಯ ಒಂದು ಶಾಲೆಯ ಕೆಲಸ ನಡೆದಿದೆ, ಎರಡು ಅಂತಸ್ತು, ಛತ್ತಿನ ಚಿಪ್ಪಿಂಗ್ ಮುಗಿದಿದೆ. ಸಿವಿಲ್ ಓದುವವರು ಯಾವುದಾದರೊಂದು ರವಿವಾರ ಬಂದರೆ ಅಳೆದು ತೋರಿಸುತ್ತೇವೆ. ಚಪ್ಪಲಿ ಬೇಡ, ಬೂಟು ಹಾಕಿಕೊಂಡು ಬನ್ನಿ. ಟೇಪು ನಮ್ಮಲ್ಲಿದೆ.