ಎಸ್.ಪಿ. ರೋಡಿನಲ್ಲಿ ಗಂಟಲು ಸಿಗುತ್ತೆ!

ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದ ಹಳ್ಳಿ ಹುಡುಗರ ಕಾಲು ಒಂದು ಕಾಲಕ್ಕೆ ಸೀದಾ ಕೆಂಪೇಗೌಡ ರಸ್ತೆಯ ಟಾಕೀಸುಗಳ ಕಡೆ ಓಡುತ್ತಿತ್ತು. ಆದರೆ ಊರಲ್ಲೊಂದು ಪುಟ್ಟ ಆರ್ಕೆಸ್ಟ್ರಾ ಕಟ್ಟಿಕೊಂಡ ಹುಡುಗರ ದಾರಿಯೇ ಬೇರೆ! ಅವರು ಮೆಟ್ರೋ ಹತ್ತಿ, ಮುಂದಿನ ನಿಲ್ದಾಣ ಚಿಕ್ಕಪೇಟೆಯಲ್ಲಿ ಇಳಿದು, ಅವೆನ್ಯೂ ರಸ್ತೆಯ ನೂಕುನುಗ್ಗಲು ದಾಟಿ ಸಾದರ್ ಪತ್ರಪ್ಪ ರಸ್ತೆಗೆ ಬರುತ್ತಾರೆ. ಪೂರ್ತಿ ಹೆಸರು ಹೇಳಿ ದಾರಿ ಕೇಳಿದರೆ ಅರ್ಧ ಜನ ಮುಖ ಮುಖ ನೋಡ್ತಾರೆ. ಎಸ್.ಪಿ. ರೋಡ್ ಅನ್ನಿ, ಮಗು ಕೂಡ ತೋರಿಸುತ್ತೆ.

ಇಕ್ಕಟ್ಟು ರಸ್ತೆ. ತಲೆ ಮೇಲೆ ತಂತಿಗಳ ಜೇಡರಬಲೆ, ಕಾಲ ಬಳಿ ಕೈಗಾಡಿ, ಬೆನ್ನ ಹಿಂದೆ ಸ್ಕೂಟರಿನ ಹಾರ್ನು. ಕಂಪ್ಯೂಟರ್ ಬಿಡಿಭಾಗ, ಕೇಬಲ್ಲು, ಟ್ರಾನ್ಸ್‌ಫಾರ್ಮರು, ಆಂಪ್ಲಿಫೈಯರು... ಕೇಳಿದ್ದೆಲ್ಲ ಇಲ್ಲೋ ಪಕ್ಕದ ಸಂದಿಯಲ್ಲೋ ಸಿಗುತ್ತೆ. ಭಾನುವಾರ ಮಾತ್ರ ಬರಬೇಡಿ, ಬಹುಪಾಲು ಬಾಗಿಲು ಹಾಕಿರುತ್ತೆ.

ಅಂದ ಹಾಗೆ, ಚಿತ್ರರಸಿಕರಿಗೆ ಒಂದು ವಿಷಯ ಹೇಳಲೇಬೇಕು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆ ಕಂಡದ್ದು ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಟಾಕೀಸಿನಲ್ಲಿ. ಆ ಟಾಕೀಸು ಈಗಿಲ್ಲ. ಆದರೆ ಬೆಳ್ಳಿತೆರೆಯ ಹಿಂದಿನ ಸ್ಪೀಕರಿನಿಂದ ಕನ್ನಡ ಮೊದಲು ಮಾತಾಡಿದ ಆ ಜಾಗ ಎಸ್.ಪಿ. ರೋಡಿಗೆ ಕೂಗಳತೆ ದೂರ! ಜನ ಅವತ್ತು ಕಾಸು ಕೊಟ್ಟು ಬಂದದ್ದು ‘ಮಾತು’ ಕೇಳೋಕೆ. ಇವತ್ತೂ ಅಷ್ಟೇ. ನಿಮ್ಮ ಗಾಯಕ ಪಿ.ಬಿ. ಶ್ರೀನಿವಾಸರ ಮೆಲುದನಿಯಲ್ಲಿ ಹಾಡಲಿ, 1974ರ ‘ಸಂಪತ್ತಿಗೆ ಸವಾಲ್’ ನಂತರ ಮನೆಮಾತಾದ ಅಣ್ಣಾವ್ರ ದನಿಯಲ್ಲೇ ಹಾಡಲಿ, ಸಾಹಿತ್ಯ ಕೇಳಿಸದಿದ್ದರೆ ಹಿಂದಿನ ಸಾಲಿನವರು ಎದ್ದು ಹೊರಡುತ್ತಾರೆ. ಸೆಕೆಂಡ್ ಹ್ಯಾಂಡ್ ಸ್ಪೀಕರ್ ಆರಿಸುವಾಗ ಇದೊಂದು ಮಾತು ನೆನಪಿಟ್ಟರೆ ಸಾಕು. ವ್ಯಾಟ್ ಕೊಳ್ಳಬೇಡಿ, ಗಂಟಲು ಕೊಳ್ಳಿ!

ಅಂಗಡಿಯಾತ ಮೊದಲು ಹೇಳೋದೇ ವ್ಯಾಟು. ‘ಸಾವಿರ ವ್ಯಾಟ್ ಸಾರ್, ಇಡೀ ಊರಿಗೇ ಕೇಳುತ್ತೆ!’ ಅದು ಕ್ಷಣ ಮಾತ್ರ ತಡೆದುಕೊಳ್ಳುವ ‘ಪೀಕ್’ ಲೆಕ್ಕ. ಸತತವಾಗಿ ತಡೆಯುವ ಆರ್.ಎಂ.ಎಸ್. ಎಷ್ಟು ಅಂತ ಕೇಳಿ. ಸಾಮಾನ್ಯವಾಗಿ ಪೀಕಿನ ಕಾಲು ಭಾಗ. ಅದಕ್ಕಿಂತ ಮುಖ್ಯ, ಹಿಂದಿನ ಪಟ್ಟಿಯಲ್ಲಿರುವ ‘ಸೆನ್ಸಿಟಿವಿಟಿ’. 97 ಡೆಸಿಬೆಲ್ಲಿನ ಬಾಕ್ಸು 100 ವ್ಯಾಟಿಗೆ ಕೊಡುವ ದನಿಯನ್ನು 94ರ ಬಾಕ್ಸು ಕೊಡಬೇಕಾದರೆ 200 ವ್ಯಾಟ್ ಬೇಕು! ಹಾಡು, ಕೀಬೋರ್ಡು, ರಿದಂ ಪ್ಯಾಡು ಇಟ್ಟುಕೊಂಡ ಐದಾರು ಜನರ ತಂಡಕ್ಕೆ, ಇನ್ನೂರು ಮುನ್ನೂರು ಮಂದಿಯ ಸಭೆಗೆ, 12 ಇಂಚಿನ ಸ್ಪೀಕರೂ ಹಾರ್ನೂ ಇರುವ ಬಾಕ್ಸ್ ಒಂದು ಜೊತೆ ಧಾರಾಳವಾಯಿತು.

ಇನ್ನು ಪರೀಕ್ಷೆ. ಜಾಲರಿ ಬಿಚ್ಚಿಸಿ. ‘ಬಿಚ್ಚೋಕೆ ಆಗಲ್ಲ’ ಅಂದರೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ನಡೆಯಿರಿ. ಎರಡೂ ಕೈಬೆರಳಿನಿಂದ ಕೋನನ್ನು ಸಮವಾಗಿ, ಹಗುರವಾಗಿ ಒಳಗೊತ್ತಿ. ಮರಳು ಉಜ್ಜಿದ ಸದ್ದು ಬಂದರೆ ಕಾಯಿಲ್ ತಾಗುತ್ತಿದೆ ಅಂತ ಲೆಕ್ಕ. ಮಲ್ಟಿಮೀಟರ್ ಇಟ್ಟರೆ 8 ಓಮ್ ಸ್ಪೀಕರು ಸುಮಾರು 6 ತೋರಿಸಬೇಕು. ಮುಳ್ಳು ಅಲುಗದಿದ್ದರೆ ಕಾಯಿಲ್ ಸುಟ್ಟಿದೆ. ಜೇಬಿನಲ್ಲೊಂದು 1.5 ವೋಲ್ಟ್ ಸೆಲ್ ಇರಲಿ. ಪ್ಲಸ್‌ಗೆ ಪ್ಲಸ್ ಒಂದು ಕ್ಷಣ ತಾಗಿಸಿದರೆ ಎರಡು ಬಾಕ್ಸಿನ ಕೋನೂ ಒಂದೇ ದಿಕ್ಕಿಗೆ ಹಾರಬೇಕು. ಒಂದು ಹೊರಗೆ, ಒಂದು ಒಳಗೆ ಹೋದರೆ ವೇದಿಕೆ ಮೇಲೆ ಎರಡೂ ಜಗಳವಾಡಿ ಬೇಸನ್ನೇ ನುಂಗಿಬಿಡುತ್ತವೆ.

ಕಾಯಿಲ್ ಹೊಸದಾಗಿ ಹಾಕಿಸಿದ್ದರೆ ಗಾಬರಿ ಬೇಡ. ಒಳ್ಳೇ ಕೈಯ ಕೆಲಸವಾದರೆ ವರ್ಷಗಟ್ಟಲೆ ಬಾಳುತ್ತೆ. ಆದರೆ ಆ ಮಾತನ್ನು ಆತನ ಬಾಯಿಂದಲೇ ಹೊರಡಿಸಿ, ರೇಟು ಇಳಿಸಿ.

ಕೊನೆಯದು ಅಸಲಿ ಪರೀಕ್ಷೆ. ಅಂಗಡಿಯಾತ ಹಾಕುವ ಡಬ್ ಡಬ್ ಹಾಡಿಗೆ ತಲೆದೂಗಬೇಡಿ. ಆ ಹಾಡಿಗೆ ಎಂಥಾ ಡಬ್ಬವೂ ಕುಣಿಯುತ್ತೆ! ನಿಮ್ಮ ಮೈಕು, ನಿಮ್ಮ ಗಾಯಕನನ್ನೇ ಕರೆದೊಯ್ಯಿರಿ. ಒಂದೊಂದೇ ಬಾಕ್ಸು ಹಾಕಿಸಿ ‘ಸಕ್ಕರೆ, ಶಂಕರ, ಚಂಚಲ’ ಅನ್ನಿಸಿ. ಈ ಸ, ಶ, ಚ ಅಕ್ಷರಗಳು ಹೊರಡೋದು ಹಾರ್ನಿನಿಂದ. ಅದರೊಳಗಿನ ಡಯಾಫ್ರಾಮ್ ಕೆಟ್ಟಿದ್ದರೆ ಸಕ್ಕರೆ ‘ಅಕ್ಕರೆ’ಯಾಗುತ್ತೆ! ರಸ್ತೆಯ ಆಚೆ ಬದಿಗೆ ನಡೆದು ಅಲ್ಲಿಂದಲೂ ಕೇಳಿ. ಬಯಲಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ದನಿ 6 ಡೆಸಿಬೆಲ್ ಇಳಿಯುತ್ತೆ. ಸ್ಕೂಟರುಗಳ ಗದ್ದಲದ ನಡುವೆಯೂ ಅಕ್ಷರ ಬಿಡಿಬಿಡಿಯಾಗಿ ಕೇಳಿತೇ? ಹಾಗಾದರೆ ಕೈ ಜೇಬಿಗೆ ಹೋಗಲಿ. ಬಾಕ್ಸಿನ ತಳದಲ್ಲಿ ಸ್ಟ್ಯಾಂಡಿಗೆ ತೂತಿದೆಯೇ ನೋಡಿಕೊಳ್ಳಿ. ಹಾರ್ನು ಜನರ ತಲೆಗಿಂತ ಮೇಲಿರದಿದ್ದರೆ ಮುಂದಿನ ಸಾಲೇ ದನಿ ಕುಡಿದುಬಿಡುತ್ತೆ.

ಒಳಗೇ ಆಂಪ್ಲಿಫೈಯರ್ ಇರುವ ಬಾಕ್ಸು ಜೋಡಿಸೋಕೆ ಸುಲಭ. ಆದರೆ ಅರ್ಧ ಗಂಟೆ ಓಡಿಸಿ, ಗುಂಯ್‌ಗುಟ್ಟುತ್ತಾ, ಕಾದು ಕೂರುತ್ತಾ ನೋಡದೆ ಕೊಳ್ಳಬೇಡಿ. ಬಿಡಿ ಆಂಪ್ಲಿಫೈಯರಾದರೆ ಜಾತ್ರೆ ನಡುವೆ ಕೈಕೊಟ್ಟರೂ ಪಕ್ಕದೂರಿನ ಮೈಕ್ ಸೆಟ್‌ನವನ ಹತ್ತಿರ ಇನ್ನೊಂದು ಎರವಲು ತಂದು ಹಾಡು ಮುಂದುವರಿಸಬಹುದು.

ಮತ್ತೆ, ಸದ್ದು ಹೆಚ್ಚಿದಷ್ಟೂ ಹೆಸರು ಅನ್ನುವ ಭ್ರಮೆ ಬೇಡ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. ಹಬ್ಬಹರಿದಿನಕ್ಕೆ ಸರ್ಕಾರ 12ರವರೆಗೆ ಸಡಿಲಿಸಿದರೂ ವರ್ಷಕ್ಕೆ 15 ದಿನ ಮೀರುವಂತಿಲ್ಲ. ಗಣೇಶನ ಪೆಂಡಾಲಿನ ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ತಂಗಿಯೂ ಇರ್ತಾಳೆ, ಕೆಮ್ಮುವ ಅಜ್ಜನೂ ಇರ್ತಾನೆ. ಮೈಕಾಸುರ ಅನ್ನಿಸಿಕೊಂಡ ತಂಡಕ್ಕೆ ಮರುವರ್ಷ ವೀಳ್ಯ ಬರೋಲ್ಲ. ಹಿತವಾಗಿ, ಸ್ಪಷ್ಟವಾಗಿ ಹಾಡಿದ ತಂಡವನ್ನು ಆ ಅಜ್ಜನೇ ‘ಇನ್ನೊಂದು ಹಾಡ್ರಪ್ಪಾ’ ಅಂತಾನೆ.